ಶಂಕು ಲೋಲಕ: ದಾರದ ಎಳೆತದ ಲೆಕ್ಕ ಬೆಳೆದ ಬಗೆ

ದಾರದ ತುದಿಗೆ ಕಟ್ಟಿದ ಗುಂಡು ಆಚೀಚೆ ತೂಗುವ ಬದಲು ಒಂದೇ ಮಟ್ಟದಲ್ಲಿ ವೃತ್ತ ಸುತ್ತಿದರೆ ಅದು ಶಂಕು ಲೋಲಕ. ಪರೀಕ್ಷೆಗಾಗಿ ಹುಟ್ಟಿದ ಲೆಕ್ಕವೆಂದು ಇದನ್ನು ಕಾಣುವವರೇ ಹೆಚ್ಚು. ಆದರೆ ಇದು ಹುಟ್ಟಿದ್ದು ಕಾಲವನ್ನು ಅಳೆಯುವ ಹಂಬಲದಿಂದ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1659ರಲ್ಲಿ ಇದನ್ನು ಬಿಡಿಸಿದ. ಗುಂಡು ಸುತ್ತುವ ಮಟ್ಟದಿಂದ ದಾರ ಕಟ್ಟಿದ ಬಿಂದುವಿನ ಎತ್ತರ ಒಂದೇ ಆಗಿದ್ದರೆ, ದಾರ ಉದ್ದವಿರಲಿ ಗಿಡ್ಡವಿರಲಿ, ಒಂದು ಸುತ್ತಿಗೆ ಹಿಡಿಯುವ ಸಮಯವೂ ಒಂದೇ ಎಂದು ಕಂಡುಕೊಂಡ. ಗಡಿಯಾರಗಳ ಕುರಿತ ಅವನ 1673ರ ಗ್ರಂಥದಲ್ಲಿ ಈ ಪ್ರಮೇಯಗಳು ಸಾಧನೆಯಿಲ್ಲದೆ ಅಚ್ಚಾದವು. ಸಾಧನೆ ಹೊರಬಂದದ್ದು ಅವನು ತೀರಿಕೊಂಡ ಮೇಲೆ, 1703ರಲ್ಲಿ.

ಹೈಗನ್ಸ್ ಲೆಕ್ಕ ಹೂಡಿದ್ದು ಗುಂಡನ್ನು ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲದಿಂದ. ಉತ್ತರ ಸರಿಯಾಗಿಯೇ ಬಂದಿರುವಾಗ ಆ ದಾರಿಯನ್ನು ಬಿಡುವುದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗುಂಡಿನ ಜೊತೆಗೇ ಸುತ್ತುತ್ತಾ ನೋಡುವವನಿಗೆ ಆ ಹೊರಮುಖ ಬಲ, ದಾರದ ಎಳೆತ, ತೂಕ ಇವುಗಳ ಸಮತೋಲ ನಿಜ. ನೆಲದ ಮೇಲೆ ನಿಂತವನಿಗೆ ಅದು ಸಲ್ಲದು. ರಾಗಿ ಹೊಲದಲ್ಲಿ ಹಕ್ಕಿ ಓಡಿಸಲು ಬೀಸುವ ಕವಣೆಯನ್ನೇ ನೋಡಿ: ಒಂದು ಎಳೆ ಬಿಟ್ಟೊಡನೆ ಕಲ್ಲು ಹಗ್ಗ ಚಾಚಿದ್ದ ದಿಕ್ಕಿಗೆ ಹೋಗದೆ ವೃತ್ತದ ಸ್ಪರ್ಶರೇಖೆ ಹಿಡಿದು ಹಾರುತ್ತದೆ. ಅದನ್ನು ಹೊರಕ್ಕೆ ದೂಡುವ ಬಲವೇ ಅಲ್ಲಿರಲಿಲ್ಲ. ಇದ್ದದ್ದು ಒಳಕ್ಕೆ ಸೆಳೆಯುತ್ತಿದ್ದ ಎಳೆತ. 1666ರಲ್ಲಿ ರಾಬರ್ಟ್ ಹುಕ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಶಂಕು ಲೋಲಕವನ್ನೇ ತೋರಿಸಿ ಗ್ರಹಗಳ ಚಲನೆಯನ್ನು ಇದೇ ನೋಟದಿಂದ ವಿವರಿಸಿದ. 1687ರಲ್ಲಿ ನ್ಯೂಟನ್ ಅದಕ್ಕೆ ಗಣಿತದ ಬುನಾದಿ ಹಾಕಿದ. ಹಾಗಾಗಿ ಎಳೆತದಿಂದ ಹೊರಡುವುದೇ ನೇರ ದಾರಿ. ಅದರ ಲಂಬ ಭಾಗ ತೂಕವನ್ನು ಹೊರುತ್ತದೆ, ಅಡ್ಡ ಭಾಗ ಗುಂಡನ್ನು ವೃತ್ತದಲ್ಲಿ ತಿರುಗಿಸುತ್ತದೆ. ಎರಡನ್ನೂ ಸೇರಿಸಿದರೆ ಎಳೆತವೆಂದರೆ ದ್ರವ್ಯರಾಶಿ, ದಾರದ ಉದ್ದ ಮತ್ತು ಕೋನವೇಗದ ವರ್ಗ ಇವುಗಳ ಗುಣಲಬ್ಧ. ಒಂದು ಮೀಟರ್ ಕವಣೆಯನ್ನು ಸೆಕೆಂಡಿಗೆ ಎರಡು ಸುತ್ತು ಬೀಸಿದರೆ ಎಳೆತ ಕಲ್ಲಿನ ತೂಕದ ಸುಮಾರು 16 ಪಟ್ಟು. ಕೋನ ಲಂಬದಿಂದ ಸುಮಾರು 86 ಡಿಗ್ರಿ. ಎಷ್ಟೇ ಜೋರಾಗಿ ಬೀಸಿದರೂ ಅದು 90 ಮುಟ್ಟದು, ಏಕೆಂದರೆ ತೂಕವನ್ನು ಹೊರಲು ಎಳೆತದ ಒಂದಿಷ್ಟು ಪಾಲು ಮೇಲ್ಮುಖವಾಗಿ ಇರಲೇಬೇಕು.

1788ರಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರಕ್ಕೆ ಅಳವಡಿಸಿದ ಗವರ್ನರ್‌ನಲ್ಲಿ ದಾರದ ಜಾಗಕ್ಕೆ ಕಬ್ಬಿಣದ ತೋಳು ಬಂತು: ವೇಗ ಏರಿದಂತೆ ಗುಂಡುಗಳು ಮೇಲೆದ್ದು ಉಗಿಯ ದಾರಿಯನ್ನು ಕಿರಿದಾಗಿಸುತ್ತಿದ್ದವು. ಹೊಸೂರಿನಲ್ಲಿ ಈ ವಿದ್ಯೆ 1980ರಲ್ಲಿ ಜನಸಾಮಾನ್ಯರ ಗಾಡಿಯೊಳಗೇ ಬಂತು. ಅಲ್ಲಿನ ಕಾರ್ಖಾನೆಯಿಂದ ಆ ವರ್ಷ ಹೊರಬಂದ ಟಿವಿಎಸ್ 50 ಮೊಪೆಡ್‌ನಲ್ಲಿ ಕೈಯಲ್ಲಿ ಒತ್ತುವ ಕ್ಲಚ್ ಇಲ್ಲ. ಎಂಜಿನ್ ವೇಗ ಪಡೆದಾಗ ಕ್ಲಚ್ ಶೂಗಳು ಸ್ಪ್ರಿಂಗಿನ ಎಳೆತವನ್ನು ಮೀರಿ ಹೊರಸರಿದು ಡ್ರಮ್ಮಿಗೆ ಕಚ್ಚಿಕೊಳ್ಳುತ್ತವೆ. ಇಲ್ಲಿ ದಾರವೂ ಇಲ್ಲ, ಶಂಕುವೂ ಇಲ್ಲ, ಇದನ್ನು ಆ ವಂಶಕ್ಕೆ ಸೇರಿಸಬಹುದೇ ಎಂದು ಆಕ್ಷೇಪಿಸಬಹುದು. ವ್ಯತ್ಯಾಸ ಇರುವುದು ನಿಜ: ಶಂಕು ಲೋಲಕದ ಕೋನವನ್ನು ಕಂಡುಹಿಡಿಯುವಾಗ ದ್ರವ್ಯರಾಶಿ ಲೆಕ್ಕದಿಂದ ಬಿದ್ದುಹೋಗುತ್ತದೆ; ಕ್ಲಚ್ಚಿನಲ್ಲಿ ಶೂವಿನ ಭಾರವೂ ಸ್ಪ್ರಿಂಗಿನ ಬಿಗಿಯೂ ಸೇರಿಯೇ ಹಿಡಿತದ ವೇಗವನ್ನು ಗೊತ್ತುಮಾಡುತ್ತವೆ. ಆದರೆ ವೃತ್ತದಲ್ಲಿ ಉಳಿಸಲು ಬೇಕಾದಷ್ಟು ಒಳಸೆಳೆತ ಸಿಗದಿದ್ದರೆ ವಸ್ತು ಹೊರಸರಿಯುತ್ತದೆ ಎಂಬ ನಿಯಮ ಎರಡಕ್ಕೂ ಒಂದೇ. ಸ್ಪ್ರಿಂಗ್ ಸಡಿಲವಾದ ಗಾಡಿಯಲ್ಲಿ ಶೂಗಳು ಬೇಗನೆ ಕಚ್ಚಿಕೊಂಡು, ಆಕ್ಸಿಲರೇಟರ್ ತಿರುಗಿಸದಿದ್ದರೂ ಗಾಡಿ ಮುಂದಕ್ಕೆ ಜಗ್ಗುವುದು ಇದರಿಂದಲೇ.