ಕಾಲುವೆ ಪಕ್ಕದ ಶಾಲೆಗೆ ವಿಜ್ಞಾನ ಬಂದ ದಾರಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಮರುದಿನ ಗಂಗಾವತಿ ಸುತ್ತಮುತ್ತ ಯಾವ ಚಹಾದಂಗಡಿಗೆ ಹೋದರೂ ಅದೇ ಮಾತು. ನಮ್ಮ ಮರಳಿ ಭಾಗದ ಗದ್ದೆಗಳೆಲ್ಲ ಆ ನೀರನ್ನೇ ನಂಬಿದವು. ಜಲಾಶಯದಲ್ಲಿ ಎಷ್ಟು ಟಿಎಂಸಿ ಉಳಿಯುತ್ತದೆ, ಎಷ್ಟು ಕ್ಯೂಸೆಕ್ ನದಿಗೆ ಹೋಗುತ್ತಿದೆ, ಎರಡನೇ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದರು. ಅಲ್ಲೇ ನಿಂತಿದ್ದ ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: "ಅಣ್ಣಾ, ಒಂದು ಟಿಎಂಸಿ ಅಂದ್ರ ಎಷ್ಟು ಕೊಡ ನೀರು?"

ನನಗೆ ಗೊತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹದಿನೈದು ಲೀಟರಿನ ಕೊಡ ಎಂದುಕೊಂಡರೆ ಸುಮಾರು 189 ಕೋಟಿ ಕೊಡ. 11,574 ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ ಆಗುತ್ತದೆ. ಗುಣಾಕಾರ, ಭಾಗಾಕಾರ ಬಿಟ್ಟರೆ ಇದರಲ್ಲಿ ಬೇರೆ ವಿದ್ಯೆ ಏನೂ ಇಲ್ಲ. ಆದರೂ ಕಾಲುವೆ ನೀರು ಕುಡಿದು ಬೆಳೆದ ನಾನು ಹತ್ತನೇ ತರಗತಿಯವರೆಗೆ ವಿಜ್ಞಾನ ಓದಿ ಒಮ್ಮೆಯೂ ಈ ಲೆಕ್ಕ ಮಾಡಿರಲಿಲ್ಲ. ಯಾಕೆ ಮಾಡಿರಲಿಲ್ಲ ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇದು.

ಈ ಸೀಮೆಗೆ ಎಂಜಿನಿಯರಿಂಗ್ ಹೊಸದಲ್ಲ. ಆನೆಗೊಂದಿ ಕಾಲುವೆ, ಮೇಲಿನ ಗಂಗಾವತಿ ಮತ್ತು ಕೆಳಗಿನ ಗಂಗಾವತಿ ಕಾಲುವೆ, ಹುಲಿಗಿ, ಶಿವಪುರದ ಕಾಲುವೆಗಳನ್ನು ಇಂದಿಗೂ ವಿಜಯನಗರ ಕಾಲುವೆಗಳೆಂದೇ ಕರೆಯುತ್ತಾರೆ. ಪಂಪಿಲ್ಲ, ವಿದ್ಯುತ್ತಿಲ್ಲ. ನದಿಗೆ ಅಡ್ಡ ಕಲ್ಲಿನ ಒಡ್ಡು ಹಾಕಿ, ನೆಲದ ಇಳಿಜಾರನ್ನೇ ನಂಬಿ, ಬಂಡೆಗಳ ನಡುವೆ ದಾರಿ ಹುಡುಕಿ ನೀರನ್ನು ಗದ್ದೆಗೆ ತಂದಿದ್ದಾರೆ. ಅದನ್ನು ಮಾಡಿದವರು ಎಲ್ಲಿ ಕಲಿತರು? ಪುಸ್ತಕದವರೋ, ಕೈಕೆಲಸದವರೋ?

ಇದಕ್ಕೆ ಉತ್ತರ ಕೊಡುವ ಒಂದು ಶಾಸನ ನಮ್ಮಿಂದ ದೂರದಲ್ಲಿ, ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿದೆ. ಅದೂ ವಿಜಯನಗರದ ಕಾಲದ್ದೇ. ಒಂದನೇ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಅಲ್ಲಿ ದೊಡ್ಡ ಕೆರೆ ಕಟ್ಟಿಸಿ ಸಂಸ್ಕೃತದಲ್ಲಿ ಶಾಸನ ಹಾಕಿಸಿದ. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಎಂದು ಅದರಲ್ಲಿದೆ. ದಾನ, ಪುಣ್ಯ, ವಂಶಾವಳಿ ಎಲ್ಲ ಶಾಸನಗಳಲ್ಲೂ ಇರುತ್ತವೆ. ಇದರಲ್ಲಿ ಮಾತ್ರ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳು ಮತ್ತು ಕೆರೆಗೆ ಬರಬಾರದ ಆರು ದೋಷಗಳ ಪಟ್ಟಿಯೂ ಇದೆ. ಗಟ್ಟಿ ಜೇಡಿನೆಲ ಇರಬೇಕು, ಸಿಹಿನೀರಿನ ಹೊಳೆ ಇರಬೇಕು, ಉದ್ದನೆಯ ನೇರ ಕಲ್ಲು ಸಿಗುವ ಗಣಿ ಹತ್ತಿರ ಇರಬೇಕು, ಏರಿ ತೀರಾ ಉದ್ದವಿರದೆ ಭದ್ರವಾಗಿರಬೇಕು. ನನ್ನ ಕಣ್ಣು ನಿಂತದ್ದು ಎರಡು ಅಂಗಗಳ ಮೇಲೆ. ನೀರಿನ ಶಾಸ್ತ್ರ ಬಲ್ಲ ಪಂಡಿತ ಬೇಕು ಎನ್ನುವುದು ಒಂದು. ಕಟ್ಟುವ ಕೆಲಸದಲ್ಲಿ ಪಳಗಿದ ಆಳುಗಳ ತಂಡ ಬೇಕು ಎನ್ನುವುದು ಇನ್ನೊಂದು. ಇಬ್ಬರೂ ಒಂದೇ ಪಟ್ಟಿಯಲ್ಲಿದ್ದಾರೆ. ಆ ಕಾಲದಲ್ಲಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು ಎಂದೇನೂ ನಾನು ಹೇಳುತ್ತಿಲ್ಲ. ಜಾತಿಯ ಗೋಡೆ ಅಂದೂ ಇತ್ತು. ಆದರೆ ಇವರಲ್ಲಿ ಒಬ್ಬರಿಲ್ಲದಿದ್ದರೂ ಕೆರೆ ನಿಲ್ಲುವುದಿಲ್ಲ ಎನ್ನುವುದು ಕಟ್ಟಿಸಿದವನಿಗೆ ಗೊತ್ತಿತ್ತು.

ಶಾಲೆಗಳು ಬಂದಾಗ ಈ ಪಟ್ಟಿ ಹರಿದು ಎರಡಾಯಿತು. ಶಾಸ್ತ್ರ ಪುಸ್ತಕಕ್ಕೆ ಹೋಯಿತು, ಕೆಲಸ ಮೇಸ್ತ್ರಿಯ ಬಳಿ ಉಳಿಯಿತು. ಹಳೆ ಮೈಸೂರಿನಲ್ಲಿ ಇವೆರಡನ್ನು ಮತ್ತೆ ಹೊಲಿಯುವ ಪ್ರಯತ್ನ ಬೇಗ ನಡೆಯಿತು. ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದ ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ನಾವು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ, 1929ರಲ್ಲಿ ಅದರ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಉರ್ದುವಿನಲ್ಲಿ ಉನ್ನತ ವಿಜ್ಞಾನ ಕಲಿಸಿದ್ದು ಸಣ್ಣ ಸಾಧನೆಯಲ್ಲ. ದೇಶಭಾಷೆಯಲ್ಲಿ ವಿಜ್ಞಾನ ಆಗುವುದಿಲ್ಲ ಎನ್ನುವವರಿಗೆ ಅದು ಅಂದೇ ಕೊಟ್ಟ ಉತ್ತರ. ಆದರೆ ಗಂಗಾವತಿಯ ರೈತನ ಮಗನಿಗೆ ಹೈದರಾಬಾದೂ ದೂರ, ಉರ್ದುವೂ ದೂರ.

ಹೀಗಿರುವಾಗಲೇ ಬಾಗಿಲಿಗೆ ಅಣೆಕಟ್ಟು ಬಂತು. 1945ರ ಫೆಬ್ರವರಿ 28ರಂದು ನದಿಯ ಎರಡೂ ದಡಗಳಲ್ಲಿ ಅಡಿಗಲ್ಲು ಹಾಕಲಾಯಿತು. ಒಂದು ಕಡೆ ಹೈದರಾಬಾದಿನ ರಾಜಕುಮಾರ, ಇನ್ನೊಂದು ಕಡೆ ಮದ್ರಾಸಿನ ಗವರ್ನರ್. 1953ರ ಹೊತ್ತಿಗೆ ನೀರು ನಿಂತಿತು. 33 ಗೇಟುಗಳ ಈ ಗೋಡೆಯನ್ನು ಕಟ್ಟಿದ್ದು ಸಿಮೆಂಟ್ ಕಾಂಕ್ರೀಟಿನಿಂದಲ್ಲ, ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಸುರ್ಕಿ ಎಂದರೆ ಸುಟ್ಟ ಮಣ್ಣಿನ ಪುಡಿ. ಸುಣ್ಣವೊಂದೇ ಗಟ್ಟಿಯಾಗಲು ಗಾಳಿ ಬೇಕು, ನೀರಿನೊಳಗೆ ಅದು ಹಿಡಿಯುವುದಿಲ್ಲ. ಸುಟ್ಟ ಮಣ್ಣಿನ ಸಿಲಿಕಾ ಸುಣ್ಣದೊಂದಿಗೆ ಸೇರಿದರೆ ನೀರಿನಲ್ಲೂ ಕಲ್ಲಾಗುತ್ತದೆ. ಹಳೆಯ ಗಾರೆ ಕೆಲಸದವರಿಗೆ ಇದು ಕೈಗೆ ಗೊತ್ತಿದ್ದ ವಿದ್ಯೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಸುಣ್ಣದ ಪಾಠ ಇರುತ್ತದೆ, ಮುನಿರಾಬಾದಿನ ಗೋಡೆಯ ಮಾತು ಬರುವುದಿಲ್ಲ. ಎಂಟು ವರ್ಷ ನಡೆದ ಆ ಕೆಲಸದಂತಹ ಪ್ರಯೋಗಾಲಯ ನಮ್ಮ ಜಿಲ್ಲೆಗೆ ಮತ್ತೆ ಬರಲಿಲ್ಲ. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದದ್ದು 1958ರಲ್ಲಿ, ಅಣೆಕಟ್ಟು ಮುಗಿದು ಐದು ವರ್ಷಗಳ ಮೇಲೆ.

ಕೈ ಮತ್ತು ತಲೆಯನ್ನು ಒಟ್ಟಿಗೆ ಕೂರಿಸುವ ಮಾತು ದೇಶದಲ್ಲಿ ಆಗಾಗ ಎದ್ದಿದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕ ಎಲ್ಲ ವಿಷಯ ಕಲಿಸಬೇಕೆಂದರು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ 'ಕಾರ್ಯಾನುಭವ' ಬೇಕೆಂದಿತು. ನಮ್ಮ ಕಾಲಕ್ಕೆ ಕಾರ್ಯಾನುಭವ ಎಂದರೆ ಶಾಲೆಯ ಅಂಗಳದ ಕಸ ಹೆಕ್ಕುವುದು ಎಂದಷ್ಟೇ ಅರ್ಥವಾಗಿತ್ತು. ನಗುವಂಥದ್ದೇ, ಆದರೆ ಒಂದು ಒಳ್ಳೆಯ ವಿಚಾರ ಹೀಗೆ ಪೊರಕೆಗೆ ಇಳಿದದ್ದು ನಗುವ ವಿಷಯವಲ್ಲ.

ನಿಜವಾಗಿ ಆಳಕ್ಕೆ ಹೋದ ಪ್ರಯೋಗ ಮಧ್ಯಪ್ರದೇಶದ ಹೋಶಂಗಾಬಾದಿನದು. 1972ರಲ್ಲಿ ಅಲ್ಲಿನ 16 ಹಳ್ಳಿ ಶಾಲೆಗಳಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಶುರು ಮಾಡಿದ ಕಾರ್ಯಕ್ರಮ ಅದು. ಮಕ್ಕಳು ಗುಂಪಾಗಿ ಕೂತು ಪ್ರಯೋಗ ಮಾಡಿ, ಕಂಡದ್ದನ್ನು ತಾವೇ ಬರೆಯಬೇಕು. ಅವರು ಪರೀಕ್ಷೆಯನ್ನೂ ಬದಲಾಯಿಸಿದರು. ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಪ್ರಯೋಗಕ್ಕೂ ಅಂಕವಿತ್ತು. ಸರ್ಕಾರಿ ಶಾಲೆಗಳಲ್ಲೇ ಮೂವತ್ತು ವರ್ಷ ನಡೆದದ್ದನ್ನು 2002ರಲ್ಲಿ ಸರ್ಕಾರವೇ ನಿಲ್ಲಿಸಿತು.

ನಮ್ಮ ಕಡೆ ವಿಜ್ಞಾನ ಬಂದದ್ದು ಹೆಚ್ಚಾಗಿ ಕಟ್ಟಡವಾಗಿ, ಇಲ್ಲವೆ ಪೆಟ್ಟಿಗೆಯಾಗಿ. 1984ರಲ್ಲಿ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ತೆರೆಯಿತು. ದೇಶದ ಮೊದಲ ಕೆಲವು ಜಿಲ್ಲಾ ಕೇಂದ್ರಗಳಲ್ಲಿ ಅದೂ ಒಂದು. ಮುಟ್ಟಿ ನೋಡಬಹುದಾದ ಮಾದರಿಗಳಿದ್ದ ಒಳ್ಳೆಯ ಜಾಗ. ಆದರೆ ಮರಳಿಯಿಂದ ಅದು ಇನ್ನೂರು ಕಿಲೋಮೀಟರಿಗೂ ಆಚೆ. ಪ್ರವಾಸಕ್ಕೆ ಹೋದ ವರ್ಷ ಮಾತ್ರ ಅಲ್ಲಿಗೆ ಹೋಗಬಹುದು. 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಬಂದವು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು, 3ಡಿ ಪ್ರಿಂಟರ್, ಸೆನ್ಸರ್, ರೊಬೊಟಿಕ್ಸ್ ಕಿಟ್. ಎಂಜಿನಿಯರಿಂಗ್ ಎಂಬ ಪದ ಹೈಸ್ಕೂಲಿನೊಳಗೆ ಬಂದದ್ದೇ ದೊಡ್ಡದು. ಅದನ್ನು ನಾನು ಹಗುರ ಮಾಡುವುದಿಲ್ಲ.

ನಾನು ಓದಿದ ಶಾಲೆಯಲ್ಲಿ ಒಂದು ಗಾಜಿನ ಬೀರು ಇತ್ತು. ಅದರೊಳಗೆ ಪ್ರಿಸಂ, ಬೀಕರ್, ವೋಲ್ಟ್ ಮೀಟರ್. ಮೂರು ವರ್ಷದಲ್ಲಿ ಒಮ್ಮೆ ತೆರೆದದ್ದು ನೆನಪಿದೆ, ಅದೂ ಇನ್‌ಸ್ಪೆಕ್ಷನ್ ದಿನ. ಮೇಷ್ಟ್ರನ್ನು ಬೈಯಲು ಮನಸ್ಸಿಲ್ಲ. ಒಡೆದರೆ ಬೆಲೆ ಅವರ ತಲೆ ಮೇಲೆ. ಎಸ್ಸೆಸ್ಸೆಲ್ಸಿಯಲ್ಲಿ 80 ಅಂಕ ಬರವಣಿಗೆಗೆ, ಉಳಿದ 20 ಅಂಕ ಶಾಲೆಯಲ್ಲೇ ಕೊಡುವುದು. ಬೀರುವಿಗೆ ಬೀಗ ಹಾಕಿದ್ದು ಆ 80 ಅಂಕ.

ಈಗ ಪೋರುಮಾಮಿಳ್ಳದ ಕಲ್ಲಿಗೆ ಮರಳುತ್ತೇನೆ. ಅದು ಹೇಳುವ ಆರು ದೋಷಗಳು ಇವು: ಏರಿಯಲ್ಲಿ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬ, ಭೂಮಿ ಹೆಚ್ಚಾಗಿ ನೀರು ಕಡಿಮೆ, ನೀರು ಹೆಚ್ಚಾಗಿ ಭೂಮಿ ಕಡಿಮೆ. ನಮ್ಮ ಜಲಾಶಯ ಹುಟ್ಟಿದ್ದೇ ಗಡಿಯಲ್ಲಿ. ಇಂದಿಗೂ ಕರ್ನಾಟಕ, ಆಂಧ್ರ, ತೆಲಂಗಾಣದ ನಡುವೆ ಒಂದು ಮಂಡಳಿ ನೀರು ಹಂಚುತ್ತದೆ. ಸವಳು ಬೇಕೆ? ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು-ಜವಳು ಭೂಮಿಯ ಮೇಲೆಯೇ ಕೆಲಸ ಮಾಡುತ್ತಿದೆ. ಭೂಮಿ ಹೆಚ್ಚು, ನೀರು ಕಡಿಮೆ ಎನ್ನುವುದು ಕಾಲುವೆಯ ಕೊನೆಯ ಭಾಗದ ರೈತರ ಪ್ರತಿ ವರ್ಷದ ಗೋಳು. ಇದರ ಮೇಲೆ ಹೂಳು ಬೇರೆ. 133 ಟಿಎಂಸಿ ಇದ್ದ ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿದೆ. ಜಿನುಗು ಭೌತಶಾಸ್ತ್ರ, ಸವಳು ರಸಾಯನಶಾಸ್ತ್ರ, ಹಂಚಿಕೆ ಗಣಿತ, ಗಡಿ ಸಮಾಜ ಪಾಠ. ವಿಷಯಗಳನ್ನು ಬೆಸೆದು ಕಲಿಸಬೇಕು ಎಂದು ಈಗ ತರಬೇತಿಗಳಲ್ಲಿ ಹೇಳುವುದು ಆ ಕಲ್ಲಿನಲ್ಲಿ ಬೆಸೆದೇ ಇದೆ.

19ನೇ ಗೇಟನ್ನು ಸರಿ ಮಾಡಿದ ಕಥೆಯೂ ಇದೇ ಜಾತಿಯದು. ಗೇಟುಗಳ ಪರಿಣತ, ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಬಂದು ನಿಂತು, ವೆಲ್ಡಿಂಗ್ ಮತ್ತು ಕ್ರೇನಿನವರನ್ನು ಕೂಡಿಸಿಕೊಂಡು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ಒಂದು ವಾರದಲ್ಲಿ ನೀರು ನಿಂತಿತು. ಶಾಸ್ತ್ರ ಬಲ್ಲವನೂ ಪಳಗಿದ ತಂಡವೂ ಒಂದೇ ಜಾಗದಲ್ಲಿದ್ದರು.

ಆ ಹುಡುಗನಿಗೆ ನಾನು ಉತ್ತರ ಹೇಳುವುದಿತ್ತಲ್ಲ. 189 ಕೋಟಿ ಕೊಡ ಎಂದಾಗ ಅವನು ನಂಬಲಿಲ್ಲ. ಹಾಗಾದರೆ ಅಳೆದೇ ನೋಡೋಣ ಎಂದು ಅವನನ್ನೂ ಅವನ ಗೆಳೆಯರನ್ನೂ ಒಂದು ಹೊಲಗಾಲುವೆಗೆ ಕರೆದುಕೊಂಡು ಹೋದೆ. (ದೊಡ್ಡ ಕಾಲುವೆಗೆ ಮಕ್ಕಳನ್ನು ಇಳಿಸಬೇಡಿ. ಸೆಳವು ಗೊತ್ತಾಗುವುದಿಲ್ಲ.) ಅಗಲ ಎರಡು ಅಡಿ, ಆಳ ಅರ್ಧ ಅಡಿ. ಇಪ್ಪತ್ತು ಅಡಿ ದೂರಕ್ಕೆ ಎರಡು ಕೋಲು ನೆಟ್ಟು ಒಂದು ನಿಂಬೆಹಣ್ಣು ತೇಲಿ ಬಿಟ್ಟೆವು. ಮೊಬೈಲಿನಲ್ಲಿ 22 ಸೆಕೆಂಡ್. ತಳದಲ್ಲಿ ನೀರು ನಿಧಾನ ಹರಿಯುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಲೆಕ್ಕ ಮುಕ್ಕಾಲು ಕ್ಯೂಸೆಕ್ಕಿಗೆ ನಿಂತಿತು. ಒಂದು ದಿನ ಹೀಗೇ ಹರಿದರೆ ಒಂದೂವರೆ ಎಕರೆಯಲ್ಲಿ ಹೆಚ್ಚುಕಡಿಮೆ ಒಂದಡಿ ನೀರು.

ಬದುವಿನ ಮೇಲೆ ನಿಂತು ನೋಡುತ್ತಿದ್ದ ಗದ್ದೆಯ ಯಜಮಾನರು ಹುಡುಗನ ನೋಟ್‌ಬುಕ್ ಇಸಕೊಂಡು ಎರಡು ಸಲ ಓದಿದರು. ಆಮೇಲೆ ಹೇಳಿದರು: "ಹಂಗಾದ್ರ ತಮ್ಮಾ, ಮ್ಯಾಲಿನ ತೂಬಿನಾಗ ಎಷ್ಟು ಹೊಂಟೈತಿ, ಅದನ್ನೂ ಅಳೀರಿ ನೋಡೂಣು."