ಬೈಕ್ ಸವಾರರೇ, ಚಳಿಗೆ ಎರಡು ಸ್ವೆಟರ್ ಸಾಕಾಗಲ್ಲ: ಗಾಳಿ ತಡೆಯೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಚಿಕ್ಕಮಗಳೂರು: ದೀಪಾವಳಿ ಕಳೆದು ಕಾರ್ತಿಕ ಮುಗಿಯೋ ಹೊತ್ತಿಗೆ ಜಿಲ್ಲೆಯಲ್ಲಿ ಬೆಳಗಿನ ಚಳಿ ಬಿಗಿಯಾಗುತ್ತೆ. ಅತ್ತ ಅರೇಬಿಕಾ ಕಾಫಿ ಕೊಯ್ಲು ಕೂಡ ಶುರುವಾಗಿರುತ್ತೆ. ಡೇರಿಗೆ ಹಾಲು ಹಾಕೋರು, ಮನೆಮನೆಗೆ ಪೇಪರ್ ಹಾಕೋ ಹುಡುಗರು, ತೋಟದ ಕೆಲಸಕ್ಕೆ ಹೋಗೋರು, ಬೆಳಗ್ಗೆ ಬೇಗ ಗಿರಿ ಹತ್ತೋಣ ಅಂತ ಬರೋ ಪ್ರವಾಸಿಗರು, ಎಲ್ಲರೂ ಬೆಳಕು ಹರಿಯೋ ಮುಂಚೆಯೇ ಬೈಕ್ ಮೇಲೆ ಇರ್ತಾರೆ. ಸ್ವೆಟರ್ ಮೇಲೆ ಸ್ವೆಟರ್ ಹಾಕಿದ್ರೂ ಎದೆ ನಡುಗುತ್ತೆ, ಬೆರಳು ಮರಗಟ್ಟುತ್ತೆ. ಸ್ವೆಟರ್ ದಪ್ಪ ಸಾಲದೆ ಹೀಗಾಗ್ತಿದೆ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅಸಲಿ ಕಾರಣ ಒಳಗೆ ನುಗ್ಗೋ ಗಾಳಿ. ಅದನ್ನು ತಡೆದರೆ ಅರ್ಧ ಚಳಿ ಅಲ್ಲೇ ಹೋಯ್ತು. ಅದಕ್ಕೆ ದುಬಾರಿ ರೈಡಿಂಗ್ ಜಾಕೆಟ್ ಬೇಕೇಬೇಕು ಅಂತಿಲ್ಲ.

ಬೈಕ್ ಮೇಲೆ ಚಳಿ ಜಾಸ್ತಿ ಯಾಕೆ?

ನಮ್ಮ ಮೈಯ ಬಿಸಿಗೆ ಚರ್ಮದ ಸುತ್ತ ತೆಳುವಾದ ಬೆಚ್ಚಗಿನ ಗಾಳಿಯ ಪದರ ನಿಂತಿರುತ್ತೆ. ಬೈಕ್ ಓಡ್ತಿದ್ದ ಹಾಗೆ ಎದುರು ಗಾಳಿ ಅದನ್ನು ಕಿತ್ತುಕೊಂಡು ಹೋಗುತ್ತೆ. ಮೈ ಮತ್ತೆ ಬಿಸಿ ಮಾಡುತ್ತೆ, ಗಾಳಿ ಮತ್ತೆ ಒಯ್ಯುತ್ತೆ. ಉಣ್ಣೆ ಮೈಗೆ ಬಿಸಿ ಕೊಡಲ್ಲ. ತನ್ನ ಎಳೆಗಳ ನಡುವೆ ಗಾಳಿಯನ್ನು ಅಲುಗಾಡದ ಹಾಗೆ ಹಿಡಿದಿಡುತ್ತೆ, ಅಷ್ಟೇ. ಹೆಣಿಗೆಯ ಸಂದಿಯಿಂದ ಎದುರು ಗಾಳಿ ಒಳಗೆ ಬಂತು ಅಂದ್ರೆ ಆ ಕೆಲಸ ಕೆಡುತ್ತೆ. ನಿಂತಾಗ ಬೆಚ್ಚಗಿದ್ದ ಸ್ವೆಟರ್ ಗಾಡಿ ಹೊರಟ ತಕ್ಷಣ ಜಾಲರಿ ಆಗೋದು ಹೀಗೆ.

ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ಅಮೆರಿಕ, ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, 10 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಸುಮಾರು 6 ಡಿಗ್ರಿಯಂತೆ ಅನಿಸುತ್ತೆ. 60 ಕಿ.ಮೀ. ಆದರೆ ಸುಮಾರು 5 ಡಿಗ್ರಿ. ಗಿರಿಯ ಕಡೆ ಇನ್ನೂ ಚಳಿ ಇದ್ದು 5 ಡಿಗ್ರಿಗೆ ಇಳಿದಿದ್ದರೆ, 60ರ ವೇಗದಲ್ಲಿ ಸೊನ್ನೆಗಿಂತ ಕೆಳಗಿನ ಅನುಭವ. ಒಂದು ವಿಷಯ ಗಮನಿಸಿ: ನಿಂತಿದ್ದವರು ಬೈಕ್ ಹತ್ತಿ 40ರಲ್ಲಿ ಹೊರಟಾಗಲೇ ದೊಡ್ಡ ಏಟು ಬಿದ್ದಿರುತ್ತೆ. ಹಾಗಾಗಿ "ನಿಧಾನ ಹೋಗ್ತೀನಿ, ಏನೂ ಆಗಲ್ಲ" ಅನ್ನೋ ಲೆಕ್ಕ ಪೂರ್ತಿ ಸರಿಯಲ್ಲ.

ಬೆರಳು ಮರಗಟ್ಟಿದ್ರೆ ಬ್ರೇಕ್ ತಡ

ಚಳಿ ಅಂದ್ರೆ ಬರೀ ನಡುಕ, ನೆಗಡಿ ವಿಷಯ ಅಲ್ಲ. ಮೈ ತಣ್ಣಗಾದಾಗ ದೇಹ ಹೃದಯ, ಶ್ವಾಸಕೋಶಗಳನ್ನು ಬೆಚ್ಚಗಿಡೋಕೆ ಕೈಕಾಲುಗಳಿಗೆ ಹೋಗೋ ರಕ್ತ ಕಡಿಮೆ ಮಾಡುತ್ತೆ. ಬೆರಳು ಸೆಟೆದುಕೊಳ್ಳುತ್ತೆ, ಹಿಡಿತ ಗೊತ್ತಾಗಲ್ಲ. ಬ್ರೇಕ್ ಎಷ್ಟು ಒತ್ತಿದ್ದೀವಿ ಅನ್ನೋ ಅಂದಾಜೇ ಸಿಗಲ್ಲ.

60 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ 16 ಮೀಟರ್‌ಗಿಂತ ಜಾಸ್ತಿ ಹೋಗುತ್ತೆ. ಬೆರಳು ಅರ್ಧ ಸೆಕೆಂಡ್ ತಡ ಮಾಡಿದ್ರೆ 8 ಮೀಟರ್ ಮುಂದೆ ಹೋಗಿರ್ತೀರಿ. ಮಂಜಿನಲ್ಲಿ ತಿರುವು ದಾಟಿದ ತಕ್ಷಣ ಹಸು, ನಿಂತ ಟ್ರ್ಯಾಕ್ಟರ್ ಎದುರಾಗೋ ರಸ್ತೆಯಲ್ಲಿ ಆ 8 ಮೀಟರ್ ಪ್ರಾಣದ ಪ್ರಶ್ನೆ.

ಇನ್ನೊಂದು ಮಾತು. ಗ್ಲೌಸ್ ಹಾಕಿದ್ರೂ ಕೈ ತಣ್ಣಗಿದೆ ಅಂದ್ರೆ ತಪ್ಪು ಗ್ಲೌಸಿನದೇ ಆಗಿರಬೇಕಿಲ್ಲ. ಎದೆಗೆ ಗಾಳಿ ಬಡಿತಿದ್ರೆ ಕೈಗೆ ರಕ್ತ ಬರಲ್ಲ. ಮೊದಲು ಎದೆ, ಕುತ್ತಿಗೆ ಮುಚ್ಚಿ.

ಮೂರು ಪದರ: ಯಾವುದು ಎಲ್ಲಿ?

ಒಳಗಿನ ಪದರ: ಮೈಗೆ ಅಂಟಿದ ಬಟ್ಟೆ ಒಣಗಿರಬೇಕು. ಕಾಟನ್ ಬನಿಯನ್ ಬೆವರು ಕುಡಿದು ಒದ್ದೆಯಾಗೇ ಉಳಿಯುತ್ತೆ, ಆಮೇಲೆ ತಣ್ಣಗೆ ಕೊರೆಯುತ್ತೆ. ಹಾಲಿನ ಕ್ಯಾನ್ ಎತ್ತಿಳಿಸೋರಿಗೆ, ಕೊಟ್ಟಿಗೆ ಕೆಲಸ ಮುಗಿಸಿ ಹೊರಡೋರಿಗೆ ಈ ತೊಂದರೆ ಜಾಸ್ತಿ. ಥರ್ಮಲ್ ಅಂತ ಸಿಗೋ ಒಳ ಉಡುಪು ಅಥವಾ ಆಟಕ್ಕೆ ಹಾಕೋ ಪಾಲಿಯೆಸ್ಟರ್ ಟೀ ಶರ್ಟ್ ಬೇಗ ಒಣಗುತ್ತೆ. ಅದೂ ಇಲ್ಲ ಅಂದ್ರೆ ಹೊರಡೋ ಮೊದಲು ಒಣಗಿದ ಬನಿಯನ್ ಬದಲಾಯಿಸಿಕೊಳ್ಳಿ.

ನಡುವಿನ ಪದರ: ಇದು ಸ್ವೆಟರ್ ಜಾಗ. ಉಣ್ಣೆ, ಫ್ಲೀಸ್ ಎರಡೂ ಆಗುತ್ತೆ. ಉಣ್ಣೆ ಸ್ವಲ್ಪ ಒದ್ದೆಯಾದ್ರೂ ಬೆಚ್ಚಗಿರುತ್ತೆ. ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಇಷ್ಟು ಕಾಲ ಬಾಳಿದ್ದೂ ಇದಕ್ಕೇ. ದಪ್ಪದ್ದು ಒಂದು ಹಾಕೋದಕ್ಕಿಂತ ತೆಳುವಾದ್ದು ಎರಡು ಹಾಕಿದ್ರೆ ಒಳ್ಳೇದು. ಬಿಸಿಲು ಬಂದ ಮೇಲೆ ಒಂದು ತೆಗೀಬಹುದು.

ಹೊರಗಿನ ಪದರ: ಗಾಳಿ ದಾಟದ ಬಟ್ಟೆ. ಎಲ್ಲಕ್ಕಿಂತ ಮುಖ್ಯವಾದ್ದು ಇದೇ, ತುಂಬಾ ಜನ ಬಿಡೋದೂ ಇದನ್ನೇ. ರೈಡಿಂಗ್ ಜಾಕೆಟ್, ಲೆದರ್ ಜರ್ಕಿನ್ ಇದ್ದರೆ ಸರಿ. ಇಲ್ಲದಿದ್ರೆ ಮಳೆಗಾಲ ಮುಗೀತು ಅಂತ ಅಟ್ಟಕ್ಕೆ ಹಾಕಿದ್ದೀರಲ್ಲ, ಆ ರೇನ್‌ಕೋಟ್ ಇಳಿಸಿ. ನೀರು ಬಿಡದ ಬಟ್ಟೆ ಗಾಳಿಯನ್ನೂ ಬಿಡಲ್ಲ. ಒಂದು ಸ್ವೆಟರ್, ಮೇಲೊಂದು ರೇನ್‌ಕೋಟ್ ಹಾಕಿದ್ರೆ ಮೂರು ಸ್ವೆಟರ್‌ಗಿಂತ ಬೆಚ್ಚಗೆ. ಒಳಗೆ ಬೆವರು ನಿಲ್ಲೋದು ಇದರ ಒಂದೇ ದೋಷ. ಗಾಡಿ ನಿಲ್ಲಿಸಿದಾಗ ಬಟನ್ ಬಿಚ್ಚಿ ಸ್ವಲ್ಪ ಗಾಳಿಯಾಡಿಸಿ.

ರೇನ್‌ಕೋಟೂ ಇಲ್ಲದಾಗ ಸ್ವೆಟರ್ ಮತ್ತು ಶರ್ಟಿನ ನಡುವೆ ಎದೆಗೆ ನಾಲ್ಕೈದು ಹಾಳೆ ನ್ಯೂಸ್ ಪೇಪರ್ ಇಟ್ಟುಕೊಳ್ಳಿ. ಯುರೋಪಿನ ಸೈಕಲ್ ರೇಸ್‌ಗಳಲ್ಲಿ ಬೆಟ್ಟ ಇಳಿಯೋ ಮುಂಚೆ ಎದೆಗೆ ಪೇಪರ್ ತುರುಕಿಕೊಳ್ಳೋದು ಹಳೇ ಪದ್ಧತಿ. ಪೇಪರ್ ಹಾಕೋ ಹುಡುಗರಿಗಂತೂ ಇದು ಕೈಯಲ್ಲೇ ಇರೋ ಔಷಧಿ.

ಜರ್ಕಿನ್ ಹಿಂದುಮುಂದಾಗಿ ಹಾಕಿಕೊಂಡು ಹೋಗೋದು ನಮ್ಮ ಕಡೆ ಮಾಮೂಲಿ. ಜಿಪ್ ಸಂದಿಯಿಂದ ಗಾಳಿ ಬರಬಾರದು ಅನ್ನೋ ಲೆಕ್ಕ ಸರಿಯೇ. ಆದರೆ ಬೆನ್ನ ಹಿಂದೆ ತೆರೆದಿದ್ದರೆ ಬಟ್ಟೆ ಉಬ್ಬಿ ಭುಜ ಎಳೆಯುತ್ತೆ, ಟೋಪಿ ಇದ್ದರೆ ಮುಖಕ್ಕೆ ಬಡಿಯುತ್ತೆ. ಜಿಪ್ ಒಳಗೆ ಪಟ್ಟಿ ಹೊಲಿದಿರೋ ಜರ್ಕಿನ್ ತಗೊಂಡ್ರೆ ಈ ಕಷ್ಟ ಬೇಡ.

ಕೊಳ್ಳುವಾಗ ಮಾಡೋ ಪರೀಕ್ಷೆ

* ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಇನ್ನೊಂದು ಕಡೆ ಅಂಗೈಗೆ ಉಸಿರು ತಾಗಿದ್ರೆ ಅದು ಹೊರಗಿನ ಪದರಕ್ಕೆ ಆಗಲ್ಲ.
* ಜರ್ಕಿನ್ ಹಾಕಿಕೊಂಡು ಹ್ಯಾಂಡಲ್ ಹಿಡಿದ ಹಾಗೆ ಕೈ ಮುಂದೆ ಚಾಚಿ. ಮಣಿಕಟ್ಟು, ಸೊಂಟ ಬರಿದಾದ್ರೆ ಒಂದು ಸೈಜ್ ದೊಡ್ಡದು ತಗೊಳ್ಳಿ.
* ಒಳಗೆ ಸ್ವೆಟರ್ ಹಾಕಿಕೊಂಡೇ ಸೈಜ್ ನೋಡಿ. ಬಿಗಿಯಾದ್ರೆ ಒಳಗೆ ಗಾಳಿ ನಿಲ್ಲೋಕೆ ಜಾಗ ಇರಲ್ಲ.
* ಕುತ್ತಿಗೆ, ತೋಳಿನ ತುದಿ ಬಿಗಿ ಮಾಡೋಕೆ ಆಗಬೇಕು.
* ಚಳಿಗಾಲದಲ್ಲಿ ರಸ್ತೆ ಬದಿ ಮಾರೋ ಸ್ವೆಟರ್‌ಗಳಲ್ಲಿ ಅಕ್ರಿಲಿಕ್ ಜಾಸ್ತಿ. ಅದೇನೂ ಕೆಟ್ಟದ್ದಲ್ಲ, ಆದರೆ ಉಣ್ಣೆಯ ರೇಟ್ ಕೊಡಬೇಡಿ. ಅನುಮಾನ ಇದ್ರೆ ಒಂದು ಎಳೆ ಸುಟ್ಟು ನೋಡಿ: ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಆಗುತ್ತೆ.
* ಕಪ್ಪು ಬಣ್ಣದ ಜರ್ಕಿನ್ ಮಂಜಿನಲ್ಲಿ ಕಾಣಲ್ಲ. ಬೆನ್ನಿಗೆ, ತೋಳಿಗೆ ಬೆಳಕು ಬಿದ್ರೆ ಹೊಳೆಯೋ ರಿಫ್ಲೆಕ್ಟರ್ ಪಟ್ಟಿ ಹೊಲಿಸಿ. ಹಾಲಿನ ಕ್ಯಾನಿನ ಹಿಂಬದಿಗೂ ಒಂದು ಅಂಟಿಸಿ.

ಕೈ: ಉಲ್ಲನ್ ಗ್ಲೌಸ್ ಒಂದೇ ಸಾಲದು

ಉಲ್ಲನ್ ಗ್ಲೌಸ್‌ನಲ್ಲಿ ಗಾಳಿ ನುಗ್ಗುತ್ತೆ, ಜೊತೆಗೆ ಲಿವರ್ ಮೇಲೆ ಜಾರುತ್ತೆ. ಹೊರಗೆ ಗಾಳಿ ಬಿಡದ ಬಟ್ಟೆ, ಅಂಗೈಗೆ ಲೆದರ್ ಅಥವಾ ರಬ್ಬರ್ ಹಿಡಿತ, ಮಣಿಕಟ್ಟಿನಿಂದ ಮೇಲಕ್ಕೆ ಬರೋ ಉದ್ದ, ಈ ಮೂರೂ ಇರೋ ಗ್ಲೌಸ್ ಹುಡುಕಿ. ಅಂಗಡಿ ಮುಂದೆ ನಿಂತಿರೋ ನಿಮ್ಮ ಬೈಕ್‌ನ ಕ್ಲಚ್, ಬ್ರೇಕ್, ಇಂಡಿಕೇಟರ್ ಒತ್ತಿ ನೋಡಿಯೇ ದುಡ್ಡು ಕೊಡಿ. ತೀರಾ ದಪ್ಪ ಗ್ಲೌಸ್ ಹಾಕಿದ್ರೆ ಬ್ರೇಕ್ ಅಂದಾಜು ತಪ್ಪುತ್ತೆ. ತೀರಾ ಬಿಗಿ ಆದ್ರೆ ರಕ್ತ ಓಡಲ್ಲ, ಇನ್ನೂ ಚಳಿ.

ಸದ್ಯಕ್ಕೆ ಉಲ್ಲನ್ ಗ್ಲೌಸ್ ಮಾತ್ರ ಇದೆ ಅನ್ನೋರು ಅದರ ಒಳಗೆ ತೆಳುವಾದ ರಬ್ಬರ್ ಗ್ಲೌಸ್ ಹಾಕಿಕೊಳ್ಳಬಹುದು. ಗ್ಲೌಸ್ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತೋದು ಬೇಡ, ಲಿವರ್ ಜಾರುತ್ತೆ. ಹ್ಯಾಂಡಲ್‌ಗೆ ಹಾಕೋ ಕವರ್ ಚೆನ್ನಾಗಿ ಗಾಳಿ ತಡೆಯುತ್ತೆ. ಆದರೆ ಹಾಕಿದ ಮೇಲೆ ಗಾಡಿ ನಿಲ್ಲಿಸಿಕೊಂಡೇ ಎಕ್ಸಲೇಟರ್ ತಿರುಗಿಸಿ ಬಿಟ್ಟು ನೋಡಿ. ತಾನಾಗೇ ವಾಪಸ್ ಬರಬೇಕು. ಬಟ್ಟೆ ಸಿಕ್ಕಿ ನಿಂತರೆ ಅಂಥ ಕವರ್ ಬೇಡ.

ಕೈ ಮರಗಟ್ಟಿದಾಗ ಸೈಲೆನ್ಸರ್ ಮುಟ್ಟಿ ಬಿಸಿ ಮಾಡಿಕೊಳ್ಳೋಕೆ ಹೋಗಬೇಡಿ. ಸ್ಪರ್ಶ ಇಲ್ಲದ ಚರ್ಮ ಸುಟ್ಟದ್ದು ಗೊತ್ತಾಗೋದು ಆಮೇಲೆ. ಕಂಕುಳಲ್ಲಿ ಕೈ ಇಟ್ಟುಕೊಳ್ಳಿ, ಅದಕ್ಕಿಂತ ಒಳ್ಳೇ ಒಲೆ ಇಲ್ಲ.

ತಲೆ, ಕುತ್ತಿಗೆ: ಮಂಕಿ ಕ್ಯಾಪ್ ಹೆಲ್ಮೆಟ್ ಅಲ್ಲ

ಮಂಕಿ ಕ್ಯಾಪ್ ಹಾಕಿದ್ದೀನಿ, ಹೆಲ್ಮೆಟ್ ಹಿಡಿಸಲ್ಲ ಅಂತ ಬರೀ ತಲೆಯಲ್ಲಿ ಹೋಗೋರು ಬೆಳಗಿನ ಹೊತ್ತು ಕಮ್ಮಿಯೇನಿಲ್ಲ. ದಪ್ಪ ಕ್ಯಾಪ್ ಮೇಲೆ ಹೆಲ್ಮೆಟ್ ತುರುಕೋದೂ ಸರಿಯಲ್ಲ, ಅದು ತಲೆಗೆ ಸರಿಯಾಗಿ ಕೂರಲ್ಲ. ಮುಖ ಪೂರ್ತಿ ಮುಚ್ಚೋ ಐಎಸ್ಐ ಗುರುತಿನ ಹೆಲ್ಮೆಟ್ಟೇ ಒಳ್ಳೇ ಚಳಿ ಟೋಪಿ. ಒಳಗೆ ಬೇಕಾದ್ರೆ ತೆಳುವಾದ ಬಟ್ಟೆಯ ಮುಖಗವಸು ಸಾಕು.

ವೈಸರ್ ಮೇಲೆ ಉಸಿರಿನ ಹಬೆ ಕೂತ್ರೆ ಒಂದು ಬೆರಳಷ್ಟು ತೆರೆದಿಡಿ. ಒಳಗಡೆ ಒಂದು ಹನಿ ಶಾಂಪೂ ತೆಳುವಾಗಿ ಸವರಿ ಒಣಬಟ್ಟೆಯಲ್ಲಿ ಒರೆಸಿದ್ರೆ ಹಬೆ ಕಮ್ಮಿಯಾಗುತ್ತೆ. ಕಪ್ಪು ವೈಸರ್, ಗೀರು ಬಿದ್ದ ವೈಸರ್ ಮಂಜಿಗೆ, ಕತ್ತಲೆಗೆ ಬೇಡವೇ ಬೇಡ.

ಕುತ್ತಿಗೆಗೆ ಮಫ್ಲರ್ ಸುತ್ತಿದ್ರೆ ಎರಡೂ ತುದಿ ಜರ್ಕಿನ್ ಒಳಗೆ ಹೋಗಬೇಕು. ಹಾರಾಡೋ ತುದಿ ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಉರುಳು. ತಲೆಯಿಂದ ಇಳಿಸಿ ಹಾಕೋ ಕೊಳವೆಯಂಥ ನೆಕ್ ಕವರ್ ಇದ್ದರೆ ಆ ಭಯ ಇಲ್ಲ. ಆಸ್ತಮಾ ಇರೋರು ಮೂಗು, ಬಾಯಿ ಮುಚ್ಚಿಕೊಂಡೇ ಹೊರಡಿ, ತಣ್ಣನೆ ಗಾಳಿ ಉಸಿರು ಕಟ್ಟಿಸುತ್ತೆ.

ಮೊಣಕಾಲು, ಪಾದ

ಬೈಕ್‌ನಲ್ಲಿ ಗಾಳಿಗೆ ಮೊದಲು ಎದುರಾಗೋದು ಮೊಣಕಾಲು. ಸ್ಕೂಟರ್‌ಗೆ ಮುಂದೆ ಅಡ್ಡ ಇರುತ್ತೆ, ಬೈಕ್‌ಗೆ ಇಲ್ಲ. ಜೀನ್ಸ್ ದಪ್ಪ ಕಂಡರೂ ಅದು ಕಾಟನ್ನೇ, ಇಬ್ಬನಿ ಹೀರಿ ಮತ್ತಷ್ಟು ತಣ್ಣಗಾಗುತ್ತೆ. ಪ್ಯಾಂಟ್ ಮೇಲೆ ರೇನ್‌ಕೋಟಿನ ಪ್ಯಾಂಟ್ ಹಾಕಿ. ಅದು ಸೈಲೆನ್ಸರ್‌ಗೆ ತಾಗಿದ್ರೆ ಕರಗಿ ಅಂಟುತ್ತೆ, ಹಾಗಾಗಿ ಬಲಗಾಲಿನ ತುದಿ ಕಟ್ಟಿಕೊಳ್ಳಿ. ಚಪ್ಪಲಿ ಬಿಟ್ಟು ಶೂ ಹಾಕಿ. ಶೂ ಬಿಗಿಯಾಗೋ ಹಾಗೆ ಎರಡು ಜೊತೆ ಸಾಕ್ಸ್ ಹಾಕೋದಕ್ಕಿಂತ ಒಂದೇ ಜೊತೆ ಉಣ್ಣೆ ಸಾಕ್ಸ್ ಮೇಲು.

ಹಿಂದೆ ಕೂರೋರು, ಮಕ್ಕಳು

ಓಡಿಸೋರ ಕೈ ಹ್ಯಾಂಡಲ್ ಮೇಲಾದ್ರೂ ಆಡ್ತಿರುತ್ತೆ. ಹಿಂದೆ ಕೂತೋರು ಅಲುಗಾಡದೆ ಕೂತಿರೋದರಿಂದ ಬೇಗ ತಣ್ಣಗಾಗ್ತಾರೆ. ಶಾಲು, ಸೆರಗು, ವೇಲ್ ಸಡಿಲ ಬಿಡದೆ ಒಳಗೆ ಸಿಕ್ಕಿಸಿಕೊಳ್ಳಬೇಕು. ಬಟ್ಟೆ ಚಕ್ರಕ್ಕೆ ಸಿಗಬಾರದು ಅಂತ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಮುಚ್ಚೋ ರಕ್ಷಣೆ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತೆ. ಚೆಂದ ಕಾಣಲ್ಲ ಅಂತ ಸೀರೆ ಗಾರ್ಡ್ ಬಿಚ್ಚಿಸಿದ್ದರೆ ವಾಪಸ್ ಹಾಕಿಸಿ.

ಮಕ್ಕಳನ್ನು ಟ್ಯಾಂಕ್ ಮೇಲೆ ಮುಂದೆ ಕೂರಿಸಿದ್ರೆ ಪೂರ್ತಿ ಗಾಳಿ ಅವರ ಎದೆಗೇ. ಚಿಕ್ಕ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತೆ. ಹಿಂದೆ ಕೂರೋ 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಬೆಲ್ಟ್, ಹೆಲ್ಮೆಟ್ ಕಡ್ಡಾಯ, ವೇಗ 40 ಕಿ.ಮೀ. ದಾಟಬಾರದು ಅನ್ನೋ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ.

ನಮ್ಮ ರಸ್ತೆಗಳಲ್ಲಿ ಇದು ನೆನಪಿರಲಿ

* ಮುಳ್ಳಯ್ಯನಗಿರಿ: ಎತ್ತರ ಸುಮಾರು 1,930 ಮೀಟರ್. ಪ್ರತಿ 1,000 ಮೀಟರ್ ಏರಿದಾಗ ಸರಾಸರಿ 6.5 ಡಿಗ್ರಿ ಇಳಿಯುತ್ತೆ. ಪೇಟೆಯ ಚಳಿ ನೋಡಿ ಬಟ್ಟೆ ಹಾಕಬೇಡಿ. ಮೇಲೆ ಗಾಳಿ ಬೇರೆ ಜೋರು.
* ಚಾರ್ಮಾಡಿ: ಉಜಿರೆ ಕಡೆಯಿಂದ ಬರೋರು ಕೆಳಗೆ ಸೆಖೆ ಅಂತ ತೆಳು ಶರ್ಟಲ್ಲಿ ಹೊರಟಿರ್ತಾರೆ. ಘಾಟಿ ಹತ್ತುತ್ತಾ ಮಂಜು, ಚಳಿ ಶುರು. ಜರ್ಕಿನ್ ಹಾಕೋದು ಘಾಟಿ ಬುಡದಲ್ಲಿ, ಕೊಟ್ಟಿಗೆಹಾರ ತಲುಪಿದ ಮೇಲಲ್ಲ.
* ಕಡೂರು, ಬೀರೂರು ಬಯಲು: ಮಂಜು ಕಮ್ಮಿ ಇದ್ದರೂ ರಸ್ತೆ ನೇರ, ವೇಗ ಜಾಸ್ತಿ, ಅಡ್ಡಗಾಳಿಗೆ ತಡೆ ಇಲ್ಲ.
* ಗದ್ದೆ ಬಯಲು, ಹಳ್ಳದ ತಗ್ಗು: ರಾತ್ರಿ ತಣ್ಣನೆ ಗಾಳಿ ಭಾರವಾಗಿ ಇಳಿದು ತಗ್ಗಲ್ಲಿ ನಿಲ್ಲುತ್ತೆ. ಏರು ದಾರಿಯಲ್ಲಿ ಇಲ್ಲದ ಚಳಿ, ಮಂಜು ಅಲ್ಲಿ ಒಮ್ಮೆಲೇ ಸಿಗುತ್ತೆ. ಮೊದಲೇ ವೇಗ ಇಳಿಸಿ.

ಹೀಗಾದ್ರೆ ಗಾಡಿ ನಿಲ್ಲಿಸಿ

ತಡೆಯೋಕೆ ಆಗದ ನಡುಕ, ಬೆರಳು ಬೆಳ್ಳಗಾಗೋದು, ಮಾತು ತೊದಲೋದು, ತೂಕಡಿಕೆ ಬರೋದು, ಗೇರ್ ಯಾವುದು ಅಂತ ಗೊತ್ತಾಗದೇ ಇರೋದು ಮೈ ಸೋತಿರೋ ಲಕ್ಷಣ. ನಿಲ್ಲಿಸಿ, ಗಾಳಿ ಇಲ್ಲದ ಕಡೆ ನಿಂತು ಬಿಸಿ ಕಾಫಿಯೋ ನೀರೋ ಕುಡೀರಿ, ಒದ್ದೆ ಬಟ್ಟೆ ಬದಲಾಯಿಸಿ. ನಡುಗ್ತಿದ್ದೋರು ನಡುಕ ನಿಂತು ಮಂಕಾದ್ರೆ ಚಳಿ ಬಿಡ್ತು ಅಂತಲ್ಲ, ಪರಿಸ್ಥಿತಿ ಕೆಟ್ಟಿದೆ ಅಂತ. ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ. ಚಳಿಗೆ ಒಂದು ಪೆಗ್ ಹಾಕಿದ್ರೆ ಬೆಚ್ಚಗಾಗುತ್ತೆ ಅನ್ನೋದು ಸುಳ್ಳು. ಮದ್ಯ ಚರ್ಮಕ್ಕೆ ರಕ್ತ ಹರಿಸಿ ಬಿಸಿ ಅನಿಸುತ್ತೆ, ಅದೇ ದಾರಿಯಲ್ಲಿ ಒಳಗಿನ ಬಿಸಿ ಹೊರಗೆ ಹೋಗುತ್ತೆ.

ದುಡ್ಡು ಕಮ್ಮಿ ಇದ್ರೆ ಯಾವುದು ಮೊದಲು?

ಮುಖ ಮುಚ್ಚೋ ಹೆಲ್ಮೆಟ್ ಇಲ್ಲದಿದ್ರೆ ಮೊದಲು ಅದು. ಆಮೇಲೆ ಗಾಳಿ ಬಿಡದ ಗ್ಲೌಸ್. ಮೂರನೇದು ನೆಕ್ ಕವರ್. ಹೊರಗಿನ ಪದರಕ್ಕೆ ಮನೆಯಲ್ಲಿರೋ ರೇನ್‌ಕೋಟ್ ಸಾಕು. ಹೊಸ ಸ್ವೆಟರ್ ಕೊನೆಗೆ. ತೋಟದ ಮಾಲೀಕರು, ಏಜೆನ್ಸಿಯವರು ಬೆಳಗಿನ ಪಾಳಿಯ ಹುಡುಗರಿಗೆ ಏನಾದ್ರೂ ಕೊಡಿಸೋದಾದ್ರೆ ಇದೇ ಪಟ್ಟಿ ಹಿಡಿದು ಕೊಡಿಸಿ. ಸ್ವೆಟರ್ ಅವರ ಹತ್ರ ಹೆಚ್ಚುಕಮ್ಮಿ ಇದ್ದೇ ಇರುತ್ತೆ, ಇಲ್ಲದೇ ಇರೋದು ಗ್ಲೌಸ್.