ಹರಿಗೋಲು ಮತ್ತು ಎದುರು ದಡದ ಕಾವಲು: ದೋಆಬ್ ಯುದ್ಧಗಳಲ್ಲಿ ಹೊಳೆ ದಾಟುವ ತಂತ್ರ

ಕೃಷ್ಣಾ–ತುಂಗಭದ್ರಾ ಹೊಳೆಗಳ ನಡುವಿನ ನಾಡಾದ ದೋಆಬಿಗಾಗಿ ವಿಜಯನಗರದ ಅರಸರು ಮೊದಲು ಬಹಮನಿಗಳೊಡನೆ, ಆಮೇಲೆ ಬಿಜಾಪುರದ ಆದಿಲಶಾಹಿಗಳೊಡನೆ ಕಾದಾಡಿದರು. ರಾಯಚೂರು, ಮುದಗಲ್ಲು ಕೋಟೆಗಳ ಮುತ್ತಿಗೆಯ ಬಗ್ಗೆ ಬೇಕಾದಷ್ಟು ಬರವಣಿಗೆಯಿದೆ. ಹೊಳೆ ದಾಟಿದ ಬಗೆಯ ಮೇಲೆ ಕಡಿಮೆ. ದೋಆಬಿನೊಳಗಿನ ಇಂದಿನ ವಳಕಮದಿನ್ನಿ, ಮಸ್ಕಿ ಸೀಮೆಗೆ ಉತ್ತರದ ದಂಡು ಬರಬೇಕಾದರೆ ಕೃಷ್ಣೆಯನ್ನೂ ದಕ್ಷಿಣದ್ದು ಬರಬೇಕಾದರೆ ತುಂಗಭದ್ರೆಯನ್ನೂ ದಾಟಲೇಬೇಕಿತ್ತು.

ದಾಟಲು ಇದ್ದ ಸಾಧನ ಹರಿಗೋಲು: ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಬುಟ್ಟಿ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ ಪಾಯೆಸ್ ಆನೆಗೊಂದಿಯಲ್ಲಿ ಅದನ್ನು ಕಂಡಿದ್ದಾನೆ. ಒಂದರಲ್ಲಿ ಹದಿನೈದಿಪ್ಪತ್ತು ಜನ. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಹತ್ತಿಸುತ್ತಿದ್ದರಂತೆ. ಹುಟ್ಟು ಹಾಕಿದಂತೆಲ್ಲ ಅದು ಗಿರಗಿರನೆ ತಿರುಗುತ್ತದೆ, ನೆಟ್ಟಗೆ ಸಾಗದು. ಅಂಥದ್ದರಲ್ಲಿ ನಿಂತು ಬಿಲ್ಲು ಹೂಡುವವನ ಪಾಡು ಊಹಿಸಬಹುದು. ಆದ್ದರಿಂದ ಜಾಣ ಸೇನಾನಿಯ ಕೆಲಸವೆಲ್ಲ ನೀರಿಗಿಳಿಯುವ ಮೊದಲೇ ಮುಗಿಯಬೇಕಿತ್ತು: ಎದುರು ದಡದ ಕಾವಲನ್ನು ಚದರಿಸುವುದು.

1398ರ ಯುದ್ಧದಲ್ಲಿ ಫಿರೋಜ್ ಷಾ ಬಹಮನಿಗೆ ಅಡ್ಡವಾದದ್ದು ತುಂಬಿ ಹರಿಯುತ್ತಿದ್ದ ಕೃಷ್ಣೆ ಮತ್ತು ದಕ್ಷಿಣ ದಡದಲ್ಲಿ ಬೀಡುಬಿಟ್ಟಿದ್ದ ವಿಜಯನಗರದ ದಂಡು. ಇತಿಹಾಸಕಾರ ಫೆರಿಶ್ತಾ ಹೇಳುವಂತೆ, ಖಾಜಿ ಸಿರಾಜ್ ಎಂಬವನು ಸಂಗಡಿಗರೊಂದಿಗೆ ವೇಷ ಮರೆಸಿ ಶತ್ರು ಪಾಳೆಯ ಹೊಕ್ಕ. ಕುಣಿತದ ನೆವದಲ್ಲಿ ಸಮೀಪಿಸಿ ರಾಯನ ಮಗನನ್ನು ಇರಿದ. ಗಲಿಬಿಲಿಯೆದ್ದ ಆ ರಾತ್ರಿಯೇ ಸುಲ್ತಾನನ ಪಡೆ ದಾಟಿತು. ಫೆರಿಶ್ತಾ ಬರೆದದ್ದು ಸುಮಾರು ಎರಡು ಶತಮಾನಗಳ ಬಳಿಕ, ಅದೂ ಬಿಜಾಪುರದ ಆಸ್ಥಾನದಲ್ಲಿ. ಕುಣಿತದ ಕಥೆಗೆ ಬಣ್ಣ ಕಟ್ಟಿರಬಹುದು. ಆದರೆ ಕಾವಲು ಕದಲದೆ ಹೊಳೆ ದಾಟಲಾಗದು ಎಂಬ ಅದರ ತಳಹದಿ ಗಟ್ಟಿಯಾಗಿಯೇ ಇದೆ.

1565ರಲ್ಲಿ ರಕ್ತ ಚೆಲ್ಲದೆಯೇ ಅದೇ ಕೆಲಸವಾಯಿತು. ಕೃಷ್ಣೆಯ ಹಾಯ್ಗಡವನ್ನು ವಿಜಯನಗರದ ರಾಮರಾಯನ ಪಡೆ ಬಲವಾಗಿ ಕಾಯುತ್ತಿತ್ತು. ಅವನ ಮೇಲೆ ಬಂದ ದಖ್ಖನದ ಸುಲ್ತಾನರು ಬೇರೆಡೆ ದಾಟುವವರಂತೆ ದಡಗುಂಟ ನಡೆದರು. ಕಾವಲಿನವರೂ ಈಚೆ ದಡದಲ್ಲಿ ಅವರ ಜೊತೆಜೊತೆಗೇ ಸಾಗಿದರು. ಸುಲ್ತಾನರ ದಂಡು ಥಟ್ಟನೆ ಹಿಂದಿರುಗಿ, ಬರಿದಾಗಿದ್ದ ಹಾಯ್ಗಡದಲ್ಲೇ ಇಳಿಯಿತು.

1520ರ ರಾಯಚೂರು ಯುದ್ಧ ಹೊಳೆ ದಾಟುವುದರ ಇನ್ನೊಂದು ಮಗ್ಗುಲು. ದಾಟಿ ಬಂದ ಇಸ್ಮಾಯಿಲ್ ಆದಿಲ್ ಷಾನ ಬೆನ್ನಿಗೆ ಕೃಷ್ಣೆಯಿತ್ತು. ಅವನ ಫಿರಂಗಿಗಳ ಹೊಡೆತಕ್ಕೆ ರಾಯರ ಮುಂಪಡೆ ಚೆದುರಿದರೂ, ಕೃಷ್ಣದೇವರಾಯ ಮರುದಾಳಿ ಮಾಡಿ ಶತ್ರುಗಳನ್ನು ಹೊಳೆಗೆ ಅಟ್ಟಿದನೆಂದು ಪೋರ್ಚುಗೀಸ ನೂನಿಜ್ ಬರೆಯುತ್ತಾನೆ. ಫೆರಿಶ್ತಾ ದೂರುವುದು ಸುಲ್ತಾನನ ಕುಡಿತವನ್ನು: ಅಮಲಿನಲ್ಲಿ, ತೆಪ್ಪಗಳು ಸಾಲದಿದ್ದರೂ ಆತ ಅವಸರದಿಂದ ದಾಟಿದನಂತೆ. ಎರಡೂ ನಿಜವಿರಬಹುದು. ಹಿಮ್ಮೆಟ್ಟುವಾಗ ನೀರಿನ ಪಾಲಾದವರ ವಿಷಯದಲ್ಲಂತೂ ಇಬ್ಬರಿಗೂ ತಕರಾರಿಲ್ಲ.